ಮುಖಪುಟ ಕೊನೇ ರಾತ್ರಿಯ ಕೆಲಸವಲ್ಲ

ಪರೀಕ್ಷೆಯ ಹಿಂದಿನ ರಾತ್ರಿ ಐದನೇ ಮಾಡ್ಯೂಲ್ ತೆರೆಯುವ ಅಭ್ಯಾಸ ನಮಗೆಲ್ಲ ಇದ್ದದ್ದೇ. ನಮ್ಮ ಸಂಘದ ಮೊದಲ ಕಥಾಸಂಕಲನದ ಮುಖಪುಟವನ್ನೂ ನಾವು ಹಾಗೇ ಮಾಡಿದೆವು. ಒಂಬತ್ತು ಕಥೆಗಳನ್ನು ಆರು ತಿಂಗಳು ಕೂತು ತಿದ್ದಿದ್ದೆವು. ಒಂದು ಮಹಾಪ್ರಾಣಕ್ಕಾಗಿ ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಜಗಳ ಆಡಿದ್ದೂ ಉಂಟು. ಆದರೆ ಮುಖಪುಟಕ್ಕೆ ಕೊಟ್ಟಿದ್ದು ಒಂದೇ ರಾತ್ರಿ. ಪುಸ್ತಕದ ಹೆಸರು 'ರಾತ್ರಿ ಬಸ್ಸು'. ಇಂಟರ್ನೆಟ್ಟಿನಲ್ಲಿ ಸಿಕ್ಕ ಹೆದ್ದಾರಿಯ ಚಿತ್ರ, ಅದರ ಮೇಲೆ ಹಳದಿ ಅಕ್ಷರ. ಬೆಳಗಿನ ಜಾವ ಮೂರಕ್ಕೆ ಫೈಲು ಮುದ್ರಣಾಲಯಕ್ಕೆ ಹೋಯ್ತು, ನಾವು ಮಲಗೋಕೆ ಹೋದೆವು.

ಕೆಲವು ದಿನಗಳಲ್ಲಿ 300 ಪ್ರತಿ ಬಂತು. ಮುಖಪುಟದ ಮೇಲೆ 'ರಾತ್‌ರಿ ಬಸ್‌ಸು' ಅಂತ ಇತ್ತು.

ಮುದ್ರಕರ ತಪ್ಪೇನೂ ಇರಲಿಲ್ಲ, ನಾವು ಕಳಿಸಿದ ಫೈಲಿನಲ್ಲೇ ಹಾಗಿತ್ತು. ನಿದ್ದೆಗಣ್ಣಿನಲ್ಲಿ ಒಬ್ಬರೂ ಗಮನಿಸಿರಲಿಲ್ಲ. ಮೊದಲ ಸಲ ಕಥೆ ಅಚ್ಚಾದ ಜೂನಿಯರ್ ಒಬ್ಬಳು ಪುಸ್ತಕವನ್ನು ಕೈಯಲ್ಲಿ ಹಿಡಿದು, "ನಮ್ಮಮ್ಮ ಕನ್ನಡ ಟೀಚರ್. ಇದನ್ನ ಹೇಗೆ ತೋರಿಸ್ಲಿ?" ಅಂತ ಕೇಳಿದಳು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಎರಡು ರಾತ್ರಿ ಹಾಸ್ಟೆಲ್ ಕಾರಿಡಾರಿನಲ್ಲಿ ಕೂತು 300 ಪ್ರತಿಗೂ ಸರಿಯಾದ ಹೆಸರಿನ ಸ್ಟಿಕ್ಕರ್ ಅಂಟಿಸಿದೆವು.

ಈಗ ಎರಡನೇ ಸಂಕಲನ ಸಿದ್ಧವಾಗ್ತಿದೆ. ಈ ಸಲ ಮುಖಪುಟವನ್ನು ಕಥೆಗಳಷ್ಟೇ ಗಂಭೀರವಾಗಿ ತಗೊಂಡಿದ್ದೇವೆ. ಆ ದಾರಿಯಲ್ಲಿ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇವೆ. ನಿಮ್ಮಲ್ಲಿ ಕವಿತೆ ಬರೆದು ಡ್ರಾಯರಿನಲ್ಲಿ ಇಟ್ಟವರಿದ್ದೀರಿ, ಕಾದಂಬರಿ ಅರ್ಧಕ್ಕೆ ನಿಲ್ಲಿಸಿದವರಿದ್ದೀರಿ. ಒಂದಲ್ಲ ಒಂದು ದಿನ ಬೇಕಾಗುತ್ತದೆ.

ಮೊದಲು ಒಂದು ವಾಕ್ಯ ಬರೆಯಿರಿ

ಸಾಫ್ಟ್‌ವೇರ್ ತೆರೆಯುವ ಮೊದಲು ಒಂದು ಹಾಳೆ ತಗೊಳ್ಳಿ. ನಿಮ್ಮ ಪುಸ್ತಕ ಯಾರಿಗೆ, ಏನನ್ನು ಕೊಡುತ್ತದೆ ಅನ್ನುವುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಕಥೆಯ ಸಾರಾಂಶ ಬೇಡ. ಅಂಗಡಿಯಲ್ಲಿ ಪುಸ್ತಕ ಎತ್ತಿಕೊಂಡ ಅಪರಿಚಿತರಿಗೆ ನೀವು ಕೊಡುವ ಮಾತು ಏನು, ಅಷ್ಟೇ.

ನಾವು ಇದನ್ನು ಮಾಡಿರಲಿಲ್ಲ. 'ರಾತ್ರಿ ಬಸ್ಸು' ಸಂಕಲನದ ಕಥೆಗಳೆಲ್ಲ ಊರು ಬಿಟ್ಟು ಓದಲು ಬಂದವರ ಬಗ್ಗೆ, ಹಬ್ಬಕ್ಕೆ ಮನೆಗೆ ಹೋದಾಗ ಅಲ್ಲಿ ನೆಂಟರಂತೆ ಆಗಿಬಿಡುವುದರ ಬಗ್ಗೆ ಇದ್ದವು. ನಮ್ಮ ಮುಖಪುಟದಲ್ಲಿ ಇದ್ದದ್ದು ಖಾಲಿ ಹೆದ್ದಾರಿ. ಫೆಸ್ಟ್‌ನಲ್ಲಿ ನಮ್ಮ ಮೇಜಿನ ಮುಂದೆ ನಿಂತ ಒಬ್ಬರು "ಇದು ಟ್ರಾವೆಲ್ ಪುಸ್ತಕಾನಾ?" ಅಂದರು. ಇನ್ನೊಬ್ಬರಿಗೆ ಪತ್ತೇದಾರಿ ಅನ್ನಿಸಿತ್ತು. ಇಬ್ಬರೂ ಕೆಳಗಿಟ್ಟು ಹೋದರು. ಮನೆ ಬಿಟ್ಟು ಬಂದವರೇ ತುಂಬಿರುವ ಕ್ಯಾಂಪಸ್ಸಿನಲ್ಲಿ, ಈ ಪುಸ್ತಕ ತಮ್ಮ ಬಗ್ಗೆ ಇದೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಆವತ್ತು ನಮಗೆ ಅರ್ಥ ಆಗಿದ್ದು ಇಷ್ಟು: ಮುರಿದ ಒತ್ತಕ್ಷರ ಸಣ್ಣ ತಪ್ಪು, ಅದಕ್ಕೆ ಸ್ಟಿಕ್ಕರ್ ಇದೆ. ತಪ್ಪು ಓದುಗರನ್ನು ಕರೆಯುವ, ಸರಿಯಾದ ಓದುಗರನ್ನು ದಾಟಿಸಿ ಕಳಿಸುವ ಮುಖಪುಟಕ್ಕೆ ಸ್ಟಿಕ್ಕರ್ ಇಲ್ಲ.

ವಾಕ್ಯ ಸಿಕ್ಕ ಮೇಲೆ ಅದಕ್ಕೆ ಒಂದೇ ಒಂದು ಚಿತ್ರ ಹುಡುಕಿ. ಕಥೆಯಲ್ಲಿ ಬರುವ ಬಸ್ಸು, ಅಜ್ಜಿ, ಲ್ಯಾಪ್‌ಟಾಪು, ತೆಂಗಿನ ಮರ ಎಲ್ಲವನ್ನೂ ತುಂಬಿದರೆ ಮುಖಪುಟ ಗೋಡೆಗೆ ಹಚ್ಚಿದ ಸಿನಿಮಾ ಪೋಸ್ಟರಿನಂತೆ ಆಗುತ್ತದೆ. ಸೂರ್ಯಾಸ್ತ, ಒಂಟಿ ಮರ, ಬೆನ್ನು ತಿರುಗಿಸಿ ನಿಂತ ವ್ಯಕ್ತಿ, ಇವು ಮೊದಲು ಹೊಳೆಯುವ ಚಿತ್ರಗಳು. ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆದಿರುತ್ತದೆ. ಅದನ್ನು ಬದಿಗಿಟ್ಟು ಇನ್ನೂ ಹತ್ತು ಬರೆಯಿರಿ.

ಹುಲಿಚರ್ಮದ ಮೇಲೊಂದು ತೂತು

ಒಂದೇ ಚಿತ್ರದಲ್ಲಿ ಎಷ್ಟು ಹೇಳಬಹುದು ಅನ್ನುವುದಕ್ಕೆ ನಮಗೆ ತುಂಬ ಇಷ್ಟವಾದ ಉದಾಹರಣೆ ಸತ್ಯಜಿತ್ ರಾಯ್ ಅವರದ್ದು. ಸಿನಿಮಾ ಮಾಡುವ ಮುಂಚೆ ಅವರು ಕೋಲ್ಕತ್ತದಲ್ಲಿ ಜಾಹೀರಾತು ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತ, ಸಿಗ್ನೆಟ್ ಪ್ರೆಸ್ ಅನ್ನುವ ಪ್ರಕಾಶನಕ್ಕೆ ಮುಖಪುಟ ರಚಿಸುತ್ತಿದ್ದರು. ಜಿಮ್ ಕಾರ್ಬೆಟ್ ಅವರ 'ಮ್ಯಾನ್ ಈಟರ್ಸ್ ಆಫ್ ಕುಮಾವ್' ಪುಸ್ತಕದ ಬಂಗಾಳಿ ಅನುವಾದಕ್ಕೆ ಅವರು ಹುಲಿಯನ್ನೂ ಬರೆಯಲಿಲ್ಲ, ಬೇಟೆಗಾರನನ್ನೂ ಬರೆಯಲಿಲ್ಲ. ಇಡೀ ಹೊದಿಕೆಯನ್ನೇ ಹಳದಿ-ಕಪ್ಪು ಪಟ್ಟೆಯ ಹುಲಿಚರ್ಮ ಮಾಡಿದರು. ಮುಂದೆ ಗುಂಡು ಒಳಹೊಕ್ಕ ತೂತು, ಹಿಂದೆ ಅದು ಹೊರಬಂದ ತೂತು. ಹೊರಬಂದದ್ದು ದೊಡ್ಡದು, ನಿಜವಾದ ಗುಂಡೇಟಿನಲ್ಲಿ ಆಗುವ ಹಾಗೆ. ಪುಸ್ತಕ ಕೈಗೆತ್ತಿಕೊಂಡವರು ಹಿಡಿದಿರುವುದು ಸತ್ತ ಹುಲಿಯನ್ನೇ.

ಇದನ್ನು ನೋಡಿದರೆ ಇನ್ನೊಂದು ಪಾಠವೂ ಇದೆ. ರಾಯ್ ಮುಂಬದಿ, ಬೆನ್ನು, ಹಿಂಬದಿ ಮೂರನ್ನೂ ಒಂದೇ ವಸ್ತುವಾಗಿ ಯೋಚಿಸಿದ್ದರು. ನಾವು ಸಾಮಾನ್ಯವಾಗಿ ಮುಂಬದಿ ಮುಗಿಸಿ, ಹಿಂಬದಿಗೆ ಯಾವುದೋ ಬಣ್ಣ ಸುರಿದು ಬಿಡುತ್ತೇವೆ.

ಲೇಖಕರೇ ಚಿತ್ರ ಬರೆದ ಉದಾಹರಣೆ ಬೇಕಾದರೆ ಜೆ.ಆರ್.ಆರ್. ಟೋಲ್ಕೀನ್ ಇದ್ದಾರೆ. 1937ರಲ್ಲಿ 'ದಿ ಹಾಬಿಟ್' ಬಂದಾಗ ಅದರ ಹೊದಿಕೆಯ ಬೆಟ್ಟ-ಕಾಡುಗಳ ಚಿತ್ರ ಅವರದ್ದೇ. ಅವರಿಗೆ ಸೂರ್ಯ ಕೆಂಪಗಿರಬೇಕಿತ್ತು. ಇನ್ನೊಂದು ಬಣ್ಣ ಅಂದರೆ ಇನ್ನಷ್ಟು ಖರ್ಚು ಅಂತ ಪ್ರಕಾಶಕರು ಕೆಂಪನ್ನು ಕೈಬಿಟ್ಟರು. ಉಳಿದ ಕಪ್ಪು, ಹಸಿರು, ನೀಲಿಯಲ್ಲೇ ಆ ಮುಖಪುಟ ಪ್ರಸಿದ್ಧವಾಯಿತು. ಬಜೆಟ್ ಇಲ್ಲ ಅನ್ನುವ ನಮ್ಮ ಗೋಳಿಗೆ ಇದು ಸಮಾಧಾನ. ಎರಡು ಮೂರು ಬಣ್ಣದಲ್ಲೇ ಚೆನ್ನಾಗಿ ನಿಲ್ಲುವ ಮುಖಪುಟ ಅನೇಕ ಸಲ ನಾಲ್ಕು ಬಣ್ಣದ ಗದ್ದಲಕ್ಕಿಂತ ಮೇಲು.

ಕನ್ನಡದಲ್ಲೂ ಮುಖಪುಟ ಒಂದು ಕಲೆ ಅಂತ ಗುರುತಿಸಿಕೊಂಡಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಕೊಡುವ 'ಪುಸ್ತಕ ಸೊಗಸು' ಬಹುಮಾನಗಳಲ್ಲಿ ಮುಖಪುಟದ ಚಿತ್ರ, ವಿನ್ಯಾಸಕ್ಕೂ ಬಹುಮಾನ ಇದೆ. ಕವಿ ಅಪಾರ ಅವರ ಮುಖಪುಟಗಳನ್ನು ಹತ್ತು ಹದಿನೈದು ಒಟ್ಟಿಗೆ ಇಟ್ಟು ನೋಡಿ. ಬರೆಯುವವರೇ ವಿನ್ಯಾಸವನ್ನೂ ಮಾಡಿದಾಗ ಮುಖಪುಟ ಪುಸ್ತಕವನ್ನು ಓದಿಕೊಂಡು ಮಾತಾಡುವುದು ಹೇಗೆ ಅಂತ ಗೊತ್ತಾಗುತ್ತದೆ. ನಮ್ಮ ಲೈಬ್ರರಿಯ ಕನ್ನಡ ಕಪಾಟಿನ ಮುಂದೆ ಅರ್ಧ ಗಂಟೆ ನಿಂತರೆ ಯಾವ ವರ್ಕ್‌ಶಾಪೂ ಕಲಿಸದಷ್ಟು ಕಲಿಯಬಹುದು. ಯಾವ ಪುಸ್ತಕಕ್ಕೆ ಕೈ ತಾನಾಗೇ ಹೋಯ್ತು, ಯಾಕೆ ಹೋಯ್ತು ಅಂತ ಬರೆದುಕೊಳ್ಳಿ.

ನಾವು ಮುಗ್ಗರಿಸಿದ್ದು ಅಕ್ಷರದಲ್ಲಿ

ಈಗ ಆ 'ಬಸ್‌ಸು' ಹೇಗಾಯ್ತು ಅಂತ ನೋಡೋಣ. ಯೂನಿಕೋಡ್‌ನಲ್ಲಿ 'ತ್ರಿ' ಅನ್ನುವುದು ಒಂದು ಅಕ್ಷರವಾಗಿ ಇರುವುದಿಲ್ಲ. ತ, ವಿರಾಮ ಚಿಹ್ನೆ, ರ, ಗುಡಿಸು ಹೀಗೆ ನಾಲ್ಕು ಸಂಕೇತಗಳು ಸಾಲಾಗಿ ಕೂತಿರುತ್ತವೆ. ಅವನ್ನು ಸೇರಿಸಿ, ಗುಡಿಸನ್ನು ಮೇಲಿನ ತಕಾರಕ್ಕೆ ಕೊಟ್ಟು, ರಕಾರವನ್ನು ಕೆಳಗೆ ಒತ್ತಾಗಿ ಕೂರಿಸುವ ಕೆಲಸ ಫಾಂಟಿನೊಳಗಿನ ನಿಯಮಗಳದ್ದು ಮತ್ತು ಅವನ್ನು ಓದುವ ಶೇಪಿಂಗ್ ಎಂಜಿನ್‌ನದ್ದು. ಆ ಎಂಜಿನ್ ಇಲ್ಲದ, ಅಥವಾ ಇದ್ದೂ ಆನ್ ಮಾಡಿರದ ತಂತ್ರಾಂಶ ಸಂಕೇತಗಳನ್ನು ಬಿಡಿಬಿಡಿಯಾಗಿ ಇಳಿಸಿಬಿಡುತ್ತದೆ. ಅಡೋಬಿಯ ಫೋಟೋಶಾಪ್, ಇನ್‌ಡಿಸೈನ್‌ಗಳಲ್ಲಿ ಇದಕ್ಕೆ 'ವರ್ಲ್ಡ್ ರೆಡಿ' ಹೆಸರಿನ ಆಯ್ಕೆ ಇದೆ, ಅದನ್ನು ಆರಿಸಬೇಕು. ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶದಲ್ಲಿ ಕನ್ನಡ ನೇರವಾಗಿ ಸರಿ ಬರುತ್ತದೆ.

ಇನ್ನೊಂದು ಹಳೆಯ ತಲೆನೋವು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಇಟ್ಟಿದ್ದವು. ಯೂನಿಕೋಡ್ ಫಾಂಟ್ ಹಾಕಿದ ಕೂಡಲೇ ಎಲ್ಲ ಕಲಸುಮೇಲೋಗರ. ಮೊದಲು ಕನ್ವರ್ಟರ್‌ನಲ್ಲಿ ಬದಲಿಸಿ, ಆಮೇಲೆ ಒಂದೊಂದು ಪದವನ್ನೂ ಓದಿ ನೋಡಿ.

ಫಾಂಟ್ ಆರಿಸುವಾಗ ಇಂಗ್ಲಿಷ್ ಮುಖಪುಟಗಳ ಲೆಕ್ಕ ಪೂರ್ತಿ ನಡೆಯೋದಿಲ್ಲ. ನಮ್ಮಲ್ಲಿ ದೊಡ್ಡಕ್ಷರ-ಸಣ್ಣಕ್ಷರ ಇಲ್ಲ. ಒತ್ತು ಕೊಡಬೇಕಾದರೆ ಗಾತ್ರ, ದಪ್ಪ, ಬಣ್ಣ ಇವೇ ಗತಿ. ಕನ್ನಡ ಅಕ್ಷರ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತಕ್ಷರ ಹೀಗೆ ಎರಡೂ ಕಡೆ ಬೆಳೆಯುತ್ತದೆ. ಹೆಸರು ಎರಡು ಸಾಲಿನಲ್ಲಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. 'ರಾಷ್ಟ್ರ' ಅಂತ ಬರೆದು ಕೆಳಗಿನ ಸಾಲಿನಲ್ಲಿ 'ಗೀತೆ' ಅಂತ ಹಾಕಿ ನೋಡಿ, ಗೊತ್ತಾಗುತ್ತದೆ. ಸಾಲುಗಳ ನಡುವಿನ ಅಂತರವನ್ನು ಕಣ್ಣಳತೆಯಲ್ಲೇ ಕೂರಿಸಬೇಕು. ಅಕ್ಷರಗಳ ನಡುವೆ ಜಾಸ್ತಿ ಜಾಗ ಬಿಟ್ಟು ಎಳೆಯುವ ಇಂಗ್ಲಿಷ್ ಫ್ಯಾಷನ್ ಕನ್ನಡಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ದೀರ್ಘ, ಕೊಂಬು ತಮ್ಮ ಅಕ್ಷರ ಬಿಟ್ಟು ದೂರ ನಿಂತ ಹಾಗೆ ಕಾಣುತ್ತವೆ.

ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಅಕಾಯ ಕನಡಕ, ಬೆಣ್ಣೆ ಹೀಗೆ ಹಲವು ಇವೆ. ಮುಕ್ತ ಪರವಾನಗಿಯವು, ಮಾರುವ ಪುಸ್ತಕಕ್ಕೂ ಬಳಸಬಹುದು. ಗಂಭೀರ ಪ್ರಬಂಧಕ್ಕೆ ತಿರೋ ಹೊಂದೀತು, ಮಕ್ಕಳ ಕಥೆಗೆ ಬಾಲೂ ತಮ್ಮ ಹೊಂದೀತು. ಅದಲು ಬದಲು ಮಾಡಿದರೆ ಮಾತು ಒಂದು, ದನಿ ಇನ್ನೊಂದು ಆಗುತ್ತದೆ. ಒಂದು ಮುಖಪುಟಕ್ಕೆ ಎರಡು ಫಾಂಟ್ ಸಾಕು. ನಿಮ್ಮಲ್ಲಿ ಯಾರಾದರೂ ಕೈಬರಹ ಚೆನ್ನಾಗಿರುವವರಿದ್ದರೆ ಹೆಸರನ್ನು ಬ್ರಷ್ಷಿನಲ್ಲಿ ಬರೆಸಿ ಸ್ಕ್ಯಾನ್ ಮಾಡಿ. ಕೈಯಲ್ಲಿ ಬರೆದ ಹೆಸರಿನ ಜೀವಂತಿಕೆ ಫಾಂಟಿಗೆ ಸುಲಭಕ್ಕೆ ಬರುವುದಿಲ್ಲ, ಒತ್ತು ಮುರಿಯುವ ಭಯವೂ ಇಲ್ಲ.

ಚಿತ್ರ ಯಾರದ್ದು?

ನಮ್ಮ ಹೆದ್ದಾರಿಯ ಚಿತ್ರ ಯಾರು ತೆಗೆದದ್ದು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ಒಪ್ಪಿಕೊಳ್ಳುತ್ತೇವೆ, ಅದು ತಪ್ಪು. ಹುಡುಕಿದಾಗ ಸಿಕ್ಕಿತು ಅಂದ ಮಾತ್ರಕ್ಕೆ ಚಿತ್ರ ಉಚಿತ ಅಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆ ಫೋಟೋ, ಚಿತ್ರಕಲೆಗೂ ಅನ್ವಯಿಸುತ್ತದೆ. ನಮ್ಮ ಕಥೆಯನ್ನು ಯಾರಾದರೂ ಹೆಸರಿಲ್ಲದೆ ಅಚ್ಚು ಹಾಕಿಕೊಂಡರೆ ನಾವು ಸುಮ್ಮನಿರುತ್ತೇವಾ?

ದಾರಿಗಳು ಮೂರು. ನಾವೇ ತೆಗೆದ ಫೋಟೋ, ನಾವೇ ಬರೆದ ಚಿತ್ರ. ಇಲ್ಲ, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಚಿತ್ರ. ಇಲ್ಲಿ ಪರವಾನಗಿಯನ್ನು ಓದಲೇಬೇಕು: ಕೆಲವಕ್ಕೆ ಹೆಸರು ಹಾಕಿದರೆ ಸಾಕು, ಕೆಲವನ್ನು ಮಾರಾಟಕ್ಕೆ ಬಳಸುವಂತಿಲ್ಲ, ಕೆಲವನ್ನು ಬದಲಾಯಿಸುವಂತಿಲ್ಲ. ಮೂರನೆಯದು ಕಲಾವಿದರಿಂದ ಬರೆಸುವುದು.

ಎಐ ಚಿತ್ರ ಹಾಕಿದರೆ ಆಗಲ್ವಾ ಅಂತ ನಮ್ಮ ಸಭೆಯಲ್ಲೂ ಕೇಳಿದರು. ಐಡಿಯಾ ಹುಡುಕುವಾಗ ಬಳಸಿ, ತೊಂದರೆಯಿಲ್ಲ. ಆದರೆ ನಾವು ಪ್ರಯತ್ನಿಸಿದಾಗ ಬಸ್ಸಿನ ಬೋರ್ಡಿನ ಮೇಲೆ ಕನ್ನಡದಂತೆ ಕಾಣುವ, ಕನ್ನಡವಲ್ಲದ ಅಕ್ಷರಗಳು ಬಂದವು. ಬಸ್ಸೂ ನಮ್ಮ ಕೆಂಪು ಬಸ್ಸಿನ ಹಾಗಿರಲಿಲ್ಲ. ನಮ್ಮ ಊರಿನ ವಿವರ ಬೇಕಾದರೆ ಬಸ್ ಸ್ಟ್ಯಾಂಡಿಗೆ ಹೋಗಿ ಫೋಟೋ ತೆಗೆಯುವುದೇ ಸುಲಭ.

ಪರದೆಯ ಬಣ್ಣ, ಕಾಗದದ ಬಣ್ಣ

ಪರದೆ ಬೆಳಕನ್ನು ಸೇರಿಸಿ ಬಣ್ಣ ಮಾಡುತ್ತದೆ: ಕೆಂಪು, ಹಸಿರು, ನೀಲಿ. ಕಾಗದದ ಮೇಲೆ ಶಾಯಿ ಬೆಳಕನ್ನು ಹೀರಿ ಬಣ್ಣ ಮಾಡುತ್ತದೆ: ಸಯಾನ್, ಮಜೆಂಟಾ, ಹಳದಿ, ಕಪ್ಪು. ಪರದೆಯ ಕಣ್ಣು ಕುಕ್ಕುವ ಹಸಿರು, ನೇರಳೆಗಳಲ್ಲಿ ಹಲವು ಶಾಯಿಗೆ ದಕ್ಕುವುದೇ ಇಲ್ಲ, ಮಂಕಾಗಿ ಬರುತ್ತವೆ. ಅದಕ್ಕೆ ವಿನ್ಯಾಸವನ್ನು ಮೊದಲಿನಿಂದಲೇ ಸಿಎಂವೈಕೆ ಕ್ರಮದಲ್ಲಿ ನೋಡಬೇಕು. ಮ್ಯಾಟ್ ಲ್ಯಾಮಿನೇಷನ್ ಬಣ್ಣವನ್ನು ಇನ್ನೂ ಸ್ವಲ್ಪ ತಗ್ಗಿಸುತ್ತದೆ. ಸಣ್ಣ ಕಪ್ಪು ಅಕ್ಷರಗಳಿಗೆ ಬರೀ ಕಪ್ಪು ಶಾಯಿ ಮಾತ್ರ ಇರಲಿ. ನಾಲ್ಕು ಶಾಯಿ ಸೇರಿ ಕಪ್ಪಾದರೆ, ಒಂದು ತಟ್ಟೆ ಕೂದಲೆಳೆಯಷ್ಟು ಸರಿದರೂ ಅಕ್ಷರದ ಸುತ್ತ ಬಣ್ಣದ ನೆರಳು ಬೀಳುತ್ತದೆ.

ಬೆನ್ನಿನ ಲೆಕ್ಕ

ಇದು ನಮ್ಮ ಸಿಲಬಸ್. ಕನ್ನಡ ಪುಸ್ತಕಗಳಲ್ಲಿ ಬಹಳ ಕಾಣುವ ಡೆಮಿ 1/8 ಆಕಾರ ಸುಮಾರು 5.5 × 8.5 ಇಂಚು, ಅಂದರೆ 140 × 216 ಮಿ.ಮೀ. ಪುಸ್ತಕ 160 ಪುಟ ಅಂದುಕೊಳ್ಳಿ. ಹಾಳೆಗಳು 80. ಒಂದು ಹಾಳೆ 0.1 ಮಿ.ಮೀ. ದಪ್ಪ ಇದ್ದರೆ ಬೆನ್ನು 8 ಮಿ.ಮೀ. ಈ 0.1 ಎಲ್ಲ ಕಾಗದಕ್ಕೂ ಒಂದೇ ಅಲ್ಲ. ಮುದ್ರಕರಿಂದ ಅದೇ ಕಾಗದದ 80 ಹಾಳೆ ತಂದು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದುಬಿಡಿ. ಮೊದಲ ವರ್ಷ ಅದನ್ನು ಯಾಕೆ ಕಲಿಸಿದರು ಅನ್ನುವುದಕ್ಕೆ ಕೊನೆಗೂ ಒಂದು ಕಾರಣ ಸಿಕ್ಕಿತು.

ಈಗ ಪೂರ್ತಿ ಹೊದಿಕೆ: ಹಿಂಬದಿ 140, ಬೆನ್ನು 8, ಮುಂಬದಿ 140, ಒಟ್ಟು 288. ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯದಿರಲಿ ಅಂತ ಸುತ್ತಲೂ 3 ಮಿ.ಮೀ. ಹೆಚ್ಚುವರಿ ಚಿತ್ರ ಬಿಡಬೇಕು, ಇದೇ ಬ್ಲೀಡ್. ಹಾಗಾಗಿ ಅಗಲ 294, ಎತ್ತರ 222 ಮಿ.ಮೀ. ಇಂಚಿಗೆ 300 ಚುಕ್ಕಿಯಂತೆ ಇದು ಸುಮಾರು 3472 × 2622 ಪಿಕ್ಸೆಲ್. ವಾಟ್ಸಾಪಿನಲ್ಲಿ ಬಂದ ಫೋಟೋ ಯಾಕೆ ಸಾಲದು ಅಂತ ಈಗ ಗೊತ್ತಾಯ್ತಲ್ಲ. ಕತ್ತರಿಸುವ ಗೆರೆಯಿಂದ ಒಳಗೂ ಕನಿಷ್ಠ 5 ಮಿ.ಮೀ. ತನಕ ಅಕ್ಷರ ಇಡಬೇಡಿ. ಒತ್ತಕ್ಷರದ ತುದಿ ಕೂಡ ಈ ಗೆರೆಯ ಒಳಗೇ ಇರಲಿ.

ಪುಟಸಂಖ್ಯೆ ಅಂತಿಮವಾಗುವ ತನಕ ಬೆನ್ನಿನ ಲೆಕ್ಕ ಮುಗಿಸಬೇಡಿ. ಕೊನೇ ಗಳಿಗೆಯಲ್ಲಿ ಒಂದು ಕಥೆ ಸೇರಿ 40 ಪುಟ ಹೆಚ್ಚಿದರೆ ಬೆನ್ನು 2 ಮಿ.ಮೀ. ದಪ್ಪವಾಗುತ್ತದೆ, ಬೆನ್ನಿನ ಹೆಸರು ಮಡಿಕೆಯ ಕಡೆಗೆ ಜಾರುತ್ತದೆ. ಕಪಾಟಿನಲ್ಲಿ ಪುಸ್ತಕ ಬದುಕುವ ಬಹುಕಾಲ ಕಾಣುವುದು ಈ ಬೆನ್ನೊಂದೇ, ಅದು ನೆನಪಿರಲಿ.

ಹಿಂಬದಿಯಲ್ಲಿ ಬೆನ್ನುಡಿ, ಬೆಲೆ, ಐಎಸ್‌ಬಿಎನ್. ಬೆನ್ನುಡಿ ಅಂದರೆ ಹಿರಿಯರ ಆಶೀರ್ವಾದ ಅನ್ನುವ ರೂಢಿ ನಮ್ಮಲ್ಲಿದೆ. ಆಶೀರ್ವಾದ ಇರಲಿ, ಆದರೆ ಪುಸ್ತಕದಲ್ಲಿ ಏನಿದೆ ಅಂತ ಹೇಳುವ ನಾಲ್ಕು ಸಾಲೂ ಇರಲಿ. ಭಾರತದಲ್ಲಿ ಐಎಸ್‌ಬಿಎನ್ ಅನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಹದಿಮೂರು ಅಂಕಿಗಳನ್ನು ಕ್ರಮವಾಗಿ 1, 3, 1, 3 ಹೀಗೆ ಗುಣಿಸಿ ಕೂಡಿದರೆ ಮೊತ್ತ ಹತ್ತರಿಂದ ಭಾಗವಾಗಬೇಕು. ಅಚ್ಚಿಗೆ ಮುಂಚೆ ಒಮ್ಮೆ ಲೆಕ್ಕ ಹಾಕಿ ನೋಡಿ. ಬಾರ್‌ಕೋಡ್ ಬಿಳಿಯ ಮೇಲೆ ಕಪ್ಪಾಗಿಯೇ ಇರಲಿ, ಅಲ್ಲಿ ಕಲೆ ಬೇಡ.

ಕಲಾವಿದರಿಗೆ ಏನು ಕೊಡಬೇಕು

"ಚೆನ್ನಾಗಿ ಏನಾದ್ರೂ ಮಾಡ್ಕೊಡು ಮಚ್ಚಾ" ಅನ್ನುವುದು ಸೂಚನೆ ಅಲ್ಲ. ಆ ಒಂದು ವಾಕ್ಯ, ಪುಸ್ತಕದ ಎರಡು ಮೂರು ಅಧ್ಯಾಯ, ಇಷ್ಟವಾದ ಮೂರು ಮುಖಪುಟ, ಬೇಡವೇ ಬೇಡ ಅನ್ನುವ ಸಂಗತಿಗಳು, ಅಳತೆ, ಕೊನೇ ದಿನಾಂಕ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಕೊಡಿ. ಎಷ್ಟು ಸಲ ತಿದ್ದಿಸಬಹುದು, ಸಂಭಾವನೆ ಎಷ್ಟು, ಇ-ಪುಸ್ತಕಕ್ಕೂ ಪೋಸ್ಟರಿಗೂ ಅದೇ ಚಿತ್ರ ಬಳಸಬಹುದೇ ಅನ್ನುವುದನ್ನು ಗೆಳೆಯರಾದರೂ ಇಮೇಲ್‌ನಲ್ಲಿ ಬರೆದುಕೊಳ್ಳಿ. ಅವರ ಹೆಸರನ್ನು ಪುಸ್ತಕದೊಳಗೆ ತಪ್ಪದೆ ಹಾಕಿ. ಆಮೇಲೆ ಅವರನ್ನು ನಂಬಿ. ಹತ್ತು ಜನರ ವಾಟ್ಸಾಪ್ ಗ್ರೂಪಿನಲ್ಲಿ ಮತ ಹಾಕಿಸಿದರೆ ಯಾರಿಗೂ ಬೇಡವಾಗದ, ಯಾರಿಗೂ ಬೇಕೂ ಅನ್ನಿಸದ ಮುಖಪುಟ ಉಳಿಯುತ್ತದೆ.

ಅಚ್ಚಿಗೆ ಮುಂಚೆ

ನಾವೀಗ ಪ್ರತಿಯೊಂದು ಕರಡನ್ನೂ ನಾಲ್ಕು ಪರೀಕ್ಷೆಗೆ ಒಡ್ಡುತ್ತೇವೆ. ಒಂದು, ಮೊಬೈಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಮಾಡಿ ನೋಡುವುದು. ಆನ್‌ಲೈನ್ ಅಂಗಡಿಯಲ್ಲಿ ಮುಖಪುಟ ಮೊದಲು ಕಾಣುವುದೇ ಅಷ್ಟು ಚಿಕ್ಕದಾಗಿ. ಎರಡು, ಕಪ್ಪು-ಬಿಳುಪು ಮಾಡಿ ನೋಡುವುದು. ಆಗ ಹೆಸರು ಹಿನ್ನೆಲೆಯಲ್ಲಿ ಕರಗಿದರೆ ಬಣ್ಣ ಬದಲಿಸಬೇಕು. ಮೂರು, ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು, ಬೇರೆ ಪುಸ್ತಕಕ್ಕೆ ಸುತ್ತಿ, ಕಪಾಟಿನಲ್ಲಿಟ್ಟು ಮೂರು ಮೀಟರ್ ದೂರದಿಂದ ನೋಡುವುದು. ನಾಲ್ಕು, ಪುಸ್ತಕದ ಬಗ್ಗೆ ಏನೂ ಗೊತ್ತಿಲ್ಲದವರಿಗೆ ಐದು ಸೆಕೆಂಡ್ ತೋರಿಸಿ "ಇದು ಯಾವುದರ ಬಗ್ಗೆ?" ಅಂತ ಕೇಳುವುದು. ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ.

ಎಲ್ಲ ಮುಗಿದ ಮೇಲೆ ಅಕ್ಷರಗಳನ್ನು ಔಟ್‌ಲೈನ್ ಮಾಡಿ ಪಿಡಿಎಫ್ ಕಳಿಸಿ, ಆಗ ಮುದ್ರಕರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಒತ್ತು ಕದಲುವುದಿಲ್ಲ. ತಿದ್ದಬಹುದಾದ ಮೂಲ ಫೈಲನ್ನು ಬೇರೆ ಇಟ್ಟುಕೊಳ್ಳಿ. ಮತ್ತು ಎಷ್ಟೇ ಅವಸರವಿದ್ದರೂ ಅಚ್ಚಾದ ಒಂದು ಪ್ರೂಫ್ ಪ್ರತಿ ತರಿಸಿ, ನಿದ್ದೆ ಮುಗಿಸಿ, ಬೆಳಗಿನ ಬೆಳಕಿನಲ್ಲಿ ಹೆಸರನ್ನು ಗಟ್ಟಿಯಾಗಿ ಓದಿ.

ಎರಡನೇ ಸಂಕಲನದ ಪ್ರೂಫ್ ಬಂದಾಗ ಅದನ್ನು ಮೊದಲು ಓದುವ ಕೆಲಸ ಆ ಜೂನಿಯರ್‌ದೇ ಅಂತ ನಿರ್ಧರಿಸಿದ್ದೇವೆ. ಅವಳು ಈಗ ನಮ್ಮ ಸಂಪಾದಕ ಮಂಡಳಿಯಲ್ಲಿದ್ದಾಳೆ. ಅವಳು ಓದಿದ ಮೇಲೆ ಒಂದು ಪ್ರತಿ ಅವಳ ಅಮ್ಮನಿಗೆ ಹೋಗುತ್ತದೆ. ಅಲ್ಲಿಂದ ಕೆಂಪು ಪೆನ್ನಿನ ಗುರುತು ಬರದಿದ್ದರೆ ಮಾತ್ರ ಅಚ್ಚಿಗೆ.